ತುಕ್ಕು ಹಿಡಿದ ಸ್ಲ್ಯಾಬಿನ ದುರಸ್ತಿ: ರಾಡಿನ ಹಿಂಬದಿಯವರೆಗೂ ಕೆತ್ತಿಸಿ

ಸಿಂಧನೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ಸ್ಲ್ಯಾಬಿನಿಂದ ಅಂಗೈಯಗಲದ ಕಾಂಕ್ರೀಟ್ ಹೆಂಟೆಯೊಂದು ಒಲೆಯ ಪಕ್ಕದ ಕಟ್ಟೆಗೆ ಬಿತ್ತು. ಮಾಲೀಕರು ಕಳುಹಿಸಿದ ಗೌಂಡಿ, ಹೊರಗೆ ಕಾಣುತ್ತಿದ್ದ ಕೆಂಪು ರಾಡಿನ ಮೇಲೆ ನೀರು ಚಿಮುಕಿಸಿ, ಸಿಮೆಂಟು ಉಸುಕು ಕಲಸಿ ಮೆತ್ತಿ, ಮಧ್ಯಾಹ್ನದೊಳಗೆ ಕೂಲಿ ಪಡೆದು ಹೋದ. ಎರಡನೆಯ ಮಳೆಗಾಲದಲ್ಲಿ ಅದೇ ತೇಪೆ ಊಟದ ತಟ್ಟೆಯಷ್ಟು ಅಗಲವಾಗಿ ಕಳಚಿ ಬಿತ್ತು. ಅದರ ಬೆನ್ನಿನ ಮೇಲೆ ರಾಡಿನ ತುಕ್ಕು ಗೆರೆಗೆರೆಯಾಗಿ ಅಚ್ಚೊತ್ತಿತ್ತು. ಆಮೇಲೆ ಗಂಗಾವತಿ, ಸಿರುಗುಪ್ಪದ ಬಂಧುಗಳ ಮನೆಗಳಲ್ಲಿಯೂ ತುಕ್ಕು ತೆಗೆಯದೆ ಮೆತ್ತುವ ಇದೇ ತಪ್ಪನ್ನು ಕಂಡಿದ್ದೇನೆ.

ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ, ಅಂದರೆ 12.5ರ ಆಸುಪಾಸಿನ ಪಿಎಚ್, ಒಳಗಿನ ರಾಡಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಆ ಕ್ಷಾರವನ್ನು ಕುಗ್ಗಿಸುತ್ತದೆ. ಉಪ್ಪು ಇನ್ನೂ ಬೇಗ ರಾಡನ್ನು ತಿನ್ನುತ್ತದೆ. ತುಂಗಭದ್ರಾ ಕಾಲುವೆಯ ಕೆಳಗಿನ ಸವುಳು ಭೂಮಿಯಲ್ಲಿ ಕಂಬಗಳ ಬುಡವೇ ಮೊದಲು ಬಿರಿಯುವುದಕ್ಕೆ ಇದೇ ಕಾರಣ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಹಿಗ್ಗಿ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ.

ಮೊದಲು ಮೇಲಿನ ಸೋರಿಕೆಯನ್ನು ನಿಲ್ಲಿಸಿ, ಸ್ಲ್ಯಾಬಿನ ಕೆಳಗೆ ಆಸರೆಗೆ ಕಬ್ಬಿಣದ ಜಾಕ್‌ಗಳನ್ನು ಕೊಡಿಸಿ. ಬಿರಿದಿರುವುದು ಕಂಬ ಅಥವಾ ಬೀಮು ಆಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಉಳಿ ಮುಟ್ಟಿಸಬೇಡಿ. ಬಳಿಕ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ, ಪೊಳ್ಳು ಸದ್ದು ಬಂದ ಜಾಗವನ್ನೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ. ಕಣ್ಣಿಗೆ ಕಾಣುವ ಹಾನಿಗಿಂತ ಈ ಗುರುತು ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಕೆಲಸ ಕೆಡುವುದು ಕೆತ್ತುವ ಹಂತದಲ್ಲಿ. ಗುರುತಿನ ಅಂಚಿನುದ್ದಕ್ಕೂ ಕಾಂಕ್ರೀಟು ಕೊಯ್ಯುವ ಗ್ರೈಂಡರ್‌ನಿಂದ ಸುಮಾರು 10 ಮಿ.ಮೀ. ಆಳದ ನೇರ ಗೀರು ಹಾಕಿಸಿ. ಒಳಗಿನ ರಾಡು ಕೊಯ್ಯದಂತೆ ಎಚ್ಚರ ವಹಿಸಿ. ಗೀರಿಲ್ಲದಿದ್ದರೆ ತೇಪೆಯ ಅಂಚು ತೆಳ್ಳಗಾಗಿ, ಹಪ್ಪಳದಂತೆ ಎದ್ದು ಬರುತ್ತದೆ. ಅನಂತರ ಗೀರಿನ ಒಳಗಿನ ಕಾಂಕ್ರೀಟನ್ನು ಕೆತ್ತಿ ತೆಗೆಯಬೇಕು. ರಾಡು ಕಂಡ ಕೂಡಲೇ ಹೆಚ್ಚಿನ ಗೌಂಡಿಗಳು ಕೈ ನಿಲ್ಲಿಸುತ್ತಾರೆ, ಅಲ್ಲಿ ನೀವು ಪಟ್ಟು ಹಿಡಿಯಬೇಕು. ರಾಡಿನ ಮುಂಬದಿಯಷ್ಟೇ ತೆರೆದರೆ ಹಿಂಬದಿಯ ತುಕ್ಕು ಹಾಗೆಯೇ ಉಳಿದು, ಹೊಸ ಗಾರೆಯನ್ನು ಮತ್ತೆ ಹೊರಗೆ ನೂಕುತ್ತದೆ. ರಾಡಿನ ಹಿಂದೆ 20ರಿಂದ 25 ಮಿ.ಮೀ. ಸಂದು ಬಿಡಿಸಿ, ನಿಮ್ಮ ಬೆರಳನ್ನು ಅಲ್ಲಿ ತೂರಿಸಿ ನೋಡಿ. ಬೆರಳು ಸುತ್ತಿ ಬಂದರೆ ಮಾತ್ರ ಸಾಕು. ಉದ್ದಕ್ಕೂ ತುಕ್ಕು ಮುಗಿದು, ಹೊಳೆಯುವ ರಾಡು ಸಿಗುವವರೆಗೆ ಕೆತ್ತನೆ ಮುಂದುವರಿಯಬೇಕು. ದೊಡ್ಡ ಬ್ರೇಕರ್ ಯಂತ್ರ ಗಟ್ಟಿ ಕಾಂಕ್ರೀಟಿನಲ್ಲಿಯೂ ಬಿರುಕು ಬಿಡಿಸುವುದರಿಂದ, ಮನೆಯ ಸ್ಲ್ಯಾಬಿಗೆ ನಾನು ಉಳಿ ಸುತ್ತಿಗೆಯನ್ನೇ ಒಪ್ಪುತ್ತೇನೆ. ಅನುಮಾನವಿದ್ದರೆ ಹೊಸದಾಗಿ ಒಡೆದ ಮೈ ಮೇಲೆ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸಿ: ಗುಲಾಬಿ ಬಣ್ಣ ಬಂದ ಕಡೆ ಕ್ಷಾರವಿದೆ, ಬಣ್ಣ ಬಾರದ ಕಡೆ ಅದು ಹೋಗಿದೆ. ಆದರೆ ಉಪ್ಪು ಸೇರಿರುವುದು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ರಾಡನ್ನು ಸುತ್ತಲೂ ತಂತಿ ಬ್ರಷ್‌ನಿಂದ ಉಜ್ಜಿ, ಅದರ ದಪ್ಪವನ್ನು ಅಳೆಯಿರಿ. 8 ಮಿ.ಮೀ. ರಾಡು 7ಕ್ಕೆ ಇಳಿದಿದ್ದರೆ ಅದರ ಕಬ್ಬಿಣದ ಸುಮಾರು ಕಾಲು ಭಾಗ ಹೋಗಿದೆ ಎಂದರ್ಥ. ಆಗ ಎಂಜಿನಿಯರ್ ಹೇಳಿದಷ್ಟು ಉದ್ದಕ್ಕೆ ಹೊಸ ರಾಡನ್ನು ಜೋಡಿಸಬೇಕು. ಉಜ್ಜಿದ ದಿನವೇ ರಾಡಿಗೆ ಜಿಂಕ್ ಪ್ರೈಮರ್ ಬಳಿಸಿ. ತುಕ್ಕಿನ ಮೇಲೆಯೇ ಹಚ್ಚಿದರೆ ಸಾಕೆಂದು ಮಾರುವ ದ್ರವಗಳನ್ನು ನೆಚ್ಚಿ ಉಜ್ಜುವ ಕೆಲಸ ಬಿಡಬೇಡಿ.

ಹಳೆಯ ಕಾಂಕ್ರೀಟು ಹಿಂದಿನ ರಾತ್ರಿಯಿಂದ ನೀರು ಕುಡಿದು, ಹಸಿಯಾಗಿ, ಆದರೆ ಮೈಮೇಲೆ ನೀರು ನಿಲ್ಲದಂತೆ ಇರಬೇಕು. ಎಸ್‌ಬಿಆರ್ ಲ್ಯಾಟೆಕ್ಸ್ (ಹಿಡಿತ ಕೊಡುವ ರಬ್ಬರಿನಂಥ ಬಿಳಿ ದ್ರವ) ಮತ್ತು ಸಿಮೆಂಟಿನ ಬಂಡನ್ನು, ಅಂದರೆ ತೆಳು ಕಲಸನ್ನು, ಬಳಿದು, ಅದು ಅಂಟಂಟಾಗಿರುವಾಗಲೇ ಗಾರೆ ಹಚ್ಚಬೇಕು. ಒಣಗಿದ ಬಂಡು ಹಿಡಿತ ಕೊಡುವ ಬದಲು ಎರಡರ ನಡುವೆ ಪರದೆಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ನೋಡುನೋಡುತ್ತಿದ್ದಂತೆ ಒಣಗುವುದರಿಂದ ಬೆಳಗಿನ ಜಾವವೇ ಕೆಲಸ ಹಿಡಿಸಿ, ಮೊಳದಷ್ಟೇ ಜಾಗಕ್ಕೆ ಬಳಿಸಿ. ಬಡಗಿಗಳ ಬಿಳಿ ಅಂಟು ಅಗ್ಗವೆಂದು ಬೆರೆಸಲು ಬಂದರೆ ತಡೆಯಿರಿ, ಅದು ತೇವ ತಾಗಿದರೆ ಮತ್ತೆ ಮೆತ್ತಗಾಗುತ್ತದೆ.

ಪಾಲಿಮರ್ ಗಾರೆಯನ್ನು (ಪಾಲಿಮರ್ ಬೆರೆತ ಸಿಮೆಂಟು ಗಾರೆ) ರಾಡಿನ ಹಿಂದಕ್ಕೆ ಬೆರಳಿನಿಂದ ಒತ್ತಿ ತುಂಬಿಸಿ, ಒಂದು ಸಲಕ್ಕೆ 10ರಿಂದ 15 ಮಿ.ಮೀ. ಮೀರದಂತೆ ಪದರ ಪದರವಾಗಿ ಏರಿಸಿ. ಕಲಸಲು ಸವುಳು ಬೋರ್‌ವೆಲ್ ನೀರು ಬೇಡ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಆರ್‌ಸಿಸಿ (ರಾಡು ಹಾಕಿದ ಕಾಂಕ್ರೀಟು) ಕೆಲಸದ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಹಚ್ಚಿದ ಗಾರೆಯನ್ನು ಹದವಾಗಿ ಗಟ್ಟಿಯಾಗಿಸುವ ಕ್ಯೂರಿಂಗ್, ಗಾರೆಯ ಚೀಲದ ಮೇಲೆ ಬರೆದಂತೆ ಇರಲಿ.

ಹೊಸ ತೇಪೆಯೊಳಗಿನ ರಾಡು ಸುರಕ್ಷಿತವಾದರೂ, ಅದರ ಅಂಚಿನಾಚೆ ಹಳೆಯ, ಉಪ್ಪು ಸೇರಿದ ಕಾಂಕ್ರೀಟಿನಲ್ಲಿರುವ ಭಾಗ ಮೊದಲಿಗಿಂತ ಬೇಗ ತುಕ್ಕು ಹಿಡಿಯುವುದುಂಟು. ಆದ್ದರಿಂದ ಪ್ರತಿ ಮಳೆಗಾಲ ಕಳೆದ ಮೇಲೆ ಸ್ಟೂಲು ಹತ್ತಿ, ತೇಪೆಯ ಸುತ್ತ ಒಂದು ಗೇಣಗಲ ಸುತ್ತಿಗೆಯಿಂದ ಬಡಿದು ಸದ್ದು ಕೇಳಿರಿ.