ಸಂಜೆ ಲೋಕಲ್‌ನಲ್ಲಿ ಮಲಗಿದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?

ಮುಂಬೈಯಲ್ಲಿ ನಿದ್ದೆ ಬರದವರು ಮೊದಲು ದೂರುವುದು ಗದ್ದಲವನ್ನು. ಆಮೇಲೆ ಸೆಕೆ, ಸೊಳ್ಳೆ, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು. ಇದೆಲ್ಲ ನಿಜವೇ. ಆದರೆ ನನ್ನ ರಾತ್ರಿ ನಿದ್ದೆಯ ಒಳ್ಳೇ ಪಾಲು ಖರ್ಚಾಗುತ್ತಿದ್ದದ್ದು ದಾದರ್ ಮತ್ತು ದಿವಾ ಸ್ಟೇಷನ್‌ಗಳ ನಡುವೆ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ.

ನನ್ನ ಆಫೀಸು ಫೋರ್ಟಿನಲ್ಲಿ, ಮನೆ ಡೊಂಬಿವಲಿಯಲ್ಲಿ. ಸಂಜೆ ವೀಟಿಯಿಂದಲೇ (ಈಗಿನ ಸಿಎಸ್‌ಎಂಟಿ ಸ್ಟೇಷನ್) ಹೊರಡುವ ಗಾಡಿ ಹಿಡಿಯುವುದರಿಂದ ಕೂರಲು ಸೀಟು ಸಿಗುತ್ತದೆ. ಸೀಟು ಸಿಕ್ಕರೆ ಮುಗೀತು, ದಾದರ್ ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. "ಅಕ್ಕಾ, ದಿವಾ ದಾಟಿತು, ಏಳಿ" ಎಂದು ಪಕ್ಕದವಳು ತಟ್ಟಿ ಎಬ್ಬಿಸುತ್ತಿದ್ದಳು. ರಾತ್ರಿ ಹತ್ತಕ್ಕೆ ಹಾಸಿಗೆಗೆ ಹೋದರೆ ಹನ್ನೆರಡಾದರೂ ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ. ನಡುರಾತ್ರಿ ಮತ್ತೆ ಎಚ್ಚರ.

ಮಾತ್ರೆ ಬರೆಸಿಕೊಳ್ಳೋಣ ಅಂತ ಡಾಕ್ಟರ ಹತ್ತಿರ ಹೋದೆ. ಹಗಲು ಮಲಗುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. "ಟ್ರೇನಿನಲ್ಲಿ?" ಎಂದರು. "ಅದೆಂಥ ನಿದ್ದೆ ಡಾಕ್ಟ್ರೇ, ಸುಮ್ನೆ ಕಣ್ಣು ಮುಚ್ಚುವುದು" ಎಂದೆ. ಅವರು ನಕ್ಕರು. ನಾವು ಎದ್ದಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದಂತೆ. ಅದು ಹೆಚ್ಚಾದಷ್ಟೂ ನಿದ್ದೆಯ ಒತ್ತಡ ಹೆಚ್ಚು. ಮಲಗಿದಾಗ ಅದು ಕರಗುತ್ತದೆ. ಸಂಜೆ ಏಳಕ್ಕೆ ಮುಕ್ಕಾಲು ಗಂಟೆ ತೂಕಡಿಸಿದರೆ, ದಿನವಿಡೀ ಕೂಡಿಟ್ಟ ಒತ್ತಡದಲ್ಲಿ ಒಂದಷ್ಟು ಅಲ್ಲೇ ಕಳೆಯಿತು. ಮಧ್ಯಾಹ್ನದ ಸಣ್ಣ ನಿದ್ದೆಗೆ ಇಷ್ಟು ತೊಂದರೆ ಇಲ್ಲ, ರಾತ್ರಿಗೆ ಇನ್ನೂ ಟೈಮ್ ಇರುತ್ತದಲ್ಲ.

ಚಹಾದ ಲೆಕ್ಕವೂ ಇಲ್ಲೇ ಬರುತ್ತದೆ. ಕೆಫೀನ್ ಅದೇ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಕುಡಿದದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದರ ಕಟಿಂಗ್ ಚಹಾದ ಕೆಫೀನ್ ರಾತ್ರಿ ಹತ್ತಕ್ಕೂ ಅರ್ಧದಷ್ಟು ಒಳಗೇ ಇರುತ್ತದೆ ಅಂತಾಯಿತು. ಚಹಾ ಬಿಡುವುದು ನನ್ನಿಂದಾಗದು. ಎರಡು ಗಂಟೆಯ ನಂತರ ಬೇಡ ಎಂದು ಇಟ್ಟುಕೊಂಡೆ, ಅಷ್ಟೇ.

ಟ್ರೇನಿನ ನಿದ್ದೆ ಬಿಡುವುದೇ ಕಷ್ಟವಾಯಿತು. ಕಿವಿಗೆ ಹಾಡು ಹಾಕಿಕೊಂಡರೆ ಇನ್ನೂ ಬೇಗ ನಿದ್ದೆ. ಕೊನೆಗೆ ಥಾಣೆಯವರೆಗೆ ನಿಂತುಕೊಂಡೇ ಬರಲು ಶುರು ಮಾಡಿದೆ. ವೀಟಿಯಲ್ಲಿ ಸೀಟು ಬಿಟ್ಟುಕೊಟ್ಟು ನಿಲ್ಲುವ ಹೆಂಗಸನ್ನು ಈ ಊರು ಹೇಗೆ ನೋಡುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ.

ಡಾಕ್ಟರು ಮಾತ್ರೆ ಕೊಡಲಿಲ್ಲ. ನಿದ್ದೆಯ ಡೈರಿ ಬರೆಯಲು ಹೇಳಿದರು. ಹಾಸಿಗೆಗೆ ಹೋದದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಅಂದಾಜು ಎಷ್ಟಕ್ಕೆ, ನಡುವೆ ಎಚ್ಚರವಿದ್ದದ್ದು ಎಷ್ಟು, ಎದ್ದದ್ದು ಯಾವಾಗ. ಬರೆದು ನೋಡಿದರೆ ಹಾಸಿಗೆಯಲ್ಲಿ ಎಂಟು ಗಂಟೆ, ನಿದ್ದೆ ಐದೂವರೆ ಗಂಟೆ. ಹಾಗಾದರೆ ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡಿ ಎಂದರು. ರಾತ್ರಿ ಹನ್ನೊಂದೂವರೆಗೆ ಮುಂಚೆ ಮಲಗುವ ಹಾಗಿಲ್ಲ, ಬೆಳಗ್ಗೆ ಐದೂವರೆಗೆ ಏಳಲೇಬೇಕು, ಭಾನುವಾರವೂ. ನಿದ್ದೆ ಸಾಲದವರಿಗೆ ಕಡಿಮೆ ಮಲಗು ಎನ್ನುವುದು ವಿಚಿತ್ರವೇ. ಆದರೆ ಇದು ಹಳೆಯ ವಿಧಾನ. ಆರ್ಥರ್ ಸ್ಪೀಲ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ 1987ರಲ್ಲೇ ಬರೆದಿದ್ದರು. ಇದೂ ಸೇರಿರುವ, ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ-ಐ ಎಂಬ ಚಿಕಿತ್ಸೆಯನ್ನೇ ಮೊದಲು ಕೊಡಿ, ಮಾತ್ರೆ ಆಮೇಲೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಡಾಕ್ಟರುಗಳ ಸಂಸ್ಥೆ 2016ರಲ್ಲಿ ಸಲಹೆ ಕೊಟ್ಟಿದೆ.

ಮೊದಲ ವಾರ ನರಕ. ಹತ್ತು ಗಂಟೆಗೆ ಕಣ್ಣು ಎಳೆಯುತ್ತದೆ, ಮಲಗುವ ಹಾಗಿಲ್ಲ. ಆಮೇಲೆ ತಲೆ ಇಟ್ಟ ಕೂಡಲೇ ನಿದ್ದೆ ಹತ್ತತೊಡಗಿತು. ಹಾಸಿಗೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ನಿಜವಾದ ನಿದ್ದೆಯಾದರೆ ಕಾಲು ಗಂಟೆ ಮುಂಚೆ ಮಲಗಬಹುದು. ಹೀಗೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಬಂದು ಈಗ ಹತ್ತೂವರೆಗೆ ನಿಂತಿದ್ದೇನೆ. ಇದನ್ನು ಎಲ್ಲರೂ ತಾವೇ ಮಾಡಿಕೊಳ್ಳುವ ಹಾಗಿಲ್ಲ. ಮೂರ್ಛೆರೋಗ ಇದ್ದವರು, ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದ್ದವರು, ಗಾಡಿ ಓಡಿಸುವ ಕೆಲಸದವರು ಡಾಕ್ಟರನ್ನು ಕೇಳದೆ ಕೈ ಹಾಕಬಾರದು. ಹಾಸಿಗೆಯಲ್ಲಿರುವ ಹೊತ್ತನ್ನು 5 ಗಂಟೆಗಿಂತ ಕೆಳಗೆ ಯಾರೂ ಇಳಿಸಬಾರದು.

ಇನ್ನೊಂದು ನಿಯಮ: ನಿದ್ದೆ ಬರದಿದ್ದರೆ ಹೊರಳಾಡಬೇಡಿ, ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಹಾಸಿಗೆ ಎಂದರೆ ಎಚ್ಚರ ಎಂದು ಮೈ ಕಲಿತುಬಿಡಬಾರದಲ್ಲ, ಅದಕ್ಕೆ. ಈ ನಿಯಮ ಬರೆದವರು ಒನ್ ಬಿಎಚ್‌ಕೆಯಲ್ಲಿ ಇದ್ದವರಲ್ಲ. ನಮ್ಮ ಹಾಲ್‌ನಲ್ಲಿ ಅತ್ತೆ ಮಲಗುತ್ತಾರೆ. ಉಳಿದದ್ದು ಅಡುಗೆಮನೆ. ಟ್ಯೂಬ್‌ಲೈಟ್ ಹಾಕಿದರೆ ಬೆಳಕಿಗೆ ಮೆಲಟೋನಿನ್ (ರಾತ್ರಿಯಾಯಿತು ಎಂದು ಮೈಗೆ ಹೇಳುವ ಹಾರ್ಮೋನು) ಇಳಿದು ಇದ್ದ ನಿದ್ದೆಯೂ ಹೋಗುತ್ತದೆ. ದೇವರ ಗೂಡಿನ ಪುಟ್ಟ ಬಲ್ಬ್ ಸಾಕು. ಮೊಬೈಲ್ ಮಲಗುವ ಕೋಣೆಯಲ್ಲೇ ಬಿಟ್ಟು ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಿದ್ದೆ. "ಏನೇ ಇದು, ಮಧ್ಯರಾತ್ರಿ ಬೆಳ್ಳುಳ್ಳಿ?" ಎಂದು ಅತ್ತೆ ಒಂದು ಸಲ ಎದ್ದು ಬಂದರು. ವಿಷಯ ಹೇಳಿದೆ. ಮಾರನೇ ದಿನ ಕಡಲೆಕಾಯಿಯನ್ನೂ ಪಕ್ಕದಲ್ಲಿ ಇಟ್ಟಿದ್ದರು.

ಬೆಳಗಿನ ಬೆಳಕಿಗೆ ದುಡ್ಡು ಕೊಡಬೇಕಿಲ್ಲ. ಕಣ್ಣಿಗೆ ಬೆಳಗಿನ ಬೆಳಕು ಬಿದ್ದರೆ ಒಳಗಿನ ಗಡಿಯಾರ ಸರಿಹೋಗಿ, ರಾತ್ರಿ ಮೆಲಟೋನಿನ್ ಹೊತ್ತಿಗೆ ಸರಿಯಾಗಿ ಏರುತ್ತದೆ. ನಾನು ರಿಕ್ಷಾ ಬಿಟ್ಟು ಸ್ಟೇಷನ್‌ಗೆ ನಡೆಯುತ್ತೇನೆ, ಪ್ಲಾಟ್‌ಫಾರ್ಮಿನಲ್ಲಿ ಛಾವಣಿ ಇಲ್ಲದ ಕಡೆ ನಿಲ್ಲುತ್ತೇನೆ. ಮಳೆಗಾಲದ ಮೋಡದ ಬೆಳಕು ಕೂಡ ಮನೆಯ ಲೈಟಿಗಿಂತ ಎಷ್ಟೋ ಜಾಸ್ತಿ.

ಸೆಕೆಗೆ ಉಪಾಯ ಕಡಿಮೆ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಮೇ ತಿಂಗಳ ತೇವದ ಗಾಳಿಯಲ್ಲಿ ಬೆವರೇ ಆರುವುದಿಲ್ಲ, ಬಿಸಿ ಇಳಿಯುವುದೆಲ್ಲಿಂದ? ಮಲಗುವ ಒಂದೆರಡು ಗಂಟೆ ಮುಂಚೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡುತ್ತೇನೆ. ರಕ್ತ ಚರ್ಮದ ಕಡೆ ಹರಿದು ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಫೋಮ್ ಹಾಸಿಗೆ ಬಿಸಿ ಹಿಡಿದಿಡುತ್ತದೆ ಎಂದು ಅದರ ಮೇಲೆ ಚಾಪೆ ಹಾಸಿದೆ.

ಗದ್ದಲಕ್ಕೆ ಕಾನೂನು ಇದೆ. 2000ನೇ ಇಸವಿಯ ನಿಯಮದ ಪ್ರಕಾರ ಜನ ವಾಸಿಸುವ ಕಡೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಿತಿ 45 ಡೆಸಿಬೆಲ್. ಗಣಪತಿ ಬಂದಾಗ ಇದನ್ನು ನೆನೆದು ನಗಬಹುದು. ಒಂದೇ ಸಮನೆ ಬರುವ ಸದ್ದಿಗಿಂತ ತಟ್ಟನೆ ಬರುವ ಸದ್ದೇ ಎಬ್ಬಿಸುವುದು. ಹಾಗಾಗಿ ಫ್ಯಾನಿನ ಸದ್ದು ಉಪಕಾರಿ. ಉಳಿದದ್ದಕ್ಕೆ ಮೆಡಿಕಲ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್.

ಇಯರ್‌ಪ್ಲಗ್ಗಿಗೂ ಬಗ್ಗದ ಸದ್ದು ನಮ್ಮವರ ಗೊರಕೆ. ಜೋರಾಗಿ ಹೊಡೆಯುತ್ತಾ ನಡುವೆ ಉಸಿರೇ ನಿಂತ ಹಾಗಾಗಿ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಿದ್ದರು. ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ. ನನ್ನ ಡೈರಿಯ ಜೊತೆ ಇದನ್ನೂ ಬರೆದು ಡಾಕ್ಟರಿಗೆ ತೋರಿಸಿದೆ. ಸ್ಲೀಪ್ ಸ್ಟಡಿ ಮಾಡಿಸಿದಾಗ ಸ್ಲೀಪ್ ಆಪ್ನಿಯಾ ಎಂದು ಗೊತ್ತಾಯಿತು. ಬಿಟ್ಟರೆ ಬಿಪಿ, ಹೃದಯದ ತೊಂದರೆಗೆ ದಾರಿಯಂತೆ. ಈಗ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಮಶೀನಿನ ಜೊತೆ ಮಲಗುತ್ತಾರೆ. ಮಾಸ್ಕ್ ದಿನಾ ತೊಳೆಯಬೇಕು. ಅದು ಅವರದೇ ಕೆಲಸ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದೇನೆ.