ಶಿಂಷಾ ದಡದ ಒಂದೂಮುಕ್ಕಾಲು ಕಿಲೋಮೀಟರ್: ಮೊದಲು ಅಳತೆ, ಆಮೇಲೆ ಕಲ್ಲು, ಕೊನೆಗೆ ಗಿಡ

ಮದ್ದೂರು ಸೀಮೆಯಲ್ಲಿ ಶಿಂಷೆಯ ದಡ ಉಳಿಸಲು ಹೊರಟವರೆಲ್ಲ ಗಿಡದಿಂದಲೇ ಶುರು ಮಾಡುತ್ತಾರೆ. ನಾವೂ ಹಾಗೇ ಮಾಡಿ ಎರಡು ವರ್ಷದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ ನೀರಿಗೆ ಬಿಟ್ಟೆವು. ಮೂರನೇ ವರ್ಷ ಕ್ರಮ ತಿರುಗಿಸಿದೆವು. ಮೊದಲು ಹೊಳೆಯ ಹದ್ದು, ಅಂದರೆ ಗಡಿ, ಅಳೆಸುವುದು, ಆಮೇಲೆ ದಡದಲ್ಲಿ ಬಿದ್ದಿರುವ ಹಳೇ ಕಲ್ಲುಗಳನ್ನು ದಾಖಲಿಸಿ ಎತ್ತಿ ನಿಲ್ಲಿಸುವುದು, ಗಿಡ ಕೊನೆಗೆ. ವೀರಗಲ್ಲಿಗೂ ಹೊಂಗೆ ಸಸಿಗೂ ಏನು ಸಂಬಂಧ ಎಂದು ಕೇಳಿದವರು ಬಹಳ ಮಂದಿ. ಈಗ ಐದನೇ ವರ್ಷ. ಬಲದಂಡೆಯ 1,750 ಮೀಟರ್‌ನಲ್ಲಿ ಒತ್ತುವರಿ ಹಿಂದೆ ಸರಿದಿದೆ, ನೆಟ್ಟದ್ದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ನಿಂತಿದೆ. ಈ ಸೀಮೆಯಲ್ಲಿ ಇಷ್ಟು ಉದ್ದಕ್ಕೆ ಇಷ್ಟು ನಿಂತದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಹೊಳೆ, ಹಳ್ಳ, ಕೆರೆ ಎಲ್ಲವೂ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಆದರೆ ಕಲಂ ಓದಿ ಹೇಳಿದರೆ ಯಾವ ರೈತನೂ ಕಬ್ಬು ಕೀಳುವುದಿಲ್ಲ. ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ದಡಕ್ಕೆ ತಾಗುವ ಪ್ರತಿ ಸರ್ವೆ ನಂಬರಿನ ಟಿಪ್ಪಣಿ (ಹಳೇ ಅಳತೆಯ ನಕ್ಷೆ), ಮೂರೂ ಕೈಯಲ್ಲಿರಬೇಕು. ಪಹಣಿಯಲ್ಲಿ ‘ಬ’ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ, ಎಷ್ಟು ಗುಂಟೆ ಎಂದು ಬರೆದುಕೊಳ್ಳಿ. ಆಕಾರಬಂದ್‌ಗೂ ಪಹಣಿಗೂ ತಾಳೆಯಾಗದ ನಂಬರುಗಳಿಗೆ ಮೊದಲೇ ಗುರುತು ಹಾಕಿ, ಜಗಳ ಏಳುವುದು ಅಲ್ಲೇ. ನಮ್ಮಲ್ಲಿ ಇಪ್ಪತ್ತೆರಡು ನಂಬರುಗಳಲ್ಲಿ ಏಳು ಹಾಗಿದ್ದವು.

ಮೊದಲ ಸಲ ನಾವೇ ಟಿಪ್ಪಣಿ ಓದಿಕೊಂಡು ಟೇಪು ಹಿಡಿದು ಕೆಟ್ಟೆವು. ಟಿಪ್ಪಣಿಯ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ, ಅಂದರೆ ಒಂದು ಆಣೆ ಎರಡು ಅಡಿಗೆ ಕೂದಲೆಳೆ ಹೆಚ್ಚು. 4 ಸರಪಳಿ 7 ಆಣೆ ಎಂದರೆ 146 ಅಡಿ ಚಿಲ್ಲರೆ. ಅದನ್ನು 4.7 ಎಂದು ಓದಿ 155 ಅಡಿ ಅಳೆದಿದ್ದೆವು. ಒಂಬತ್ತು ಅಡಿ ಪಕ್ಕದವರ ಗದ್ದೆಯೊಳಗೆ ಗೂಟ ಹೊಡೆದಂತಾಯಿತು, ಆ ಗದ್ದೆಯವರು ಎರಡು ವರ್ಷ ನಮ್ಮೊಡನೆ ಮಾತಾಡಲಿಲ್ಲ. ಮೊಬೈಲಿನ ಜಿಪಿಎಸ್ ನಂಬಿ ಕಲ್ಲು ಹಾಕಬೇಡಿ, ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಎಲ್ಲಿ ನೋಡಬೇಕು ಎಂದು ಗುರುತಿಟ್ಟುಕೊಳ್ಳಲು ಮಾತ್ರ ಅದು ಸಾಕು.

ಹೊಳೆ ತಾನೇ ಜರುಗಿರುವ ಕಡೆ ಇನ್ನೊಂದು ತೊಡಕು. ಈಗಿನ ನೀರಿನ ಅಂಚಿನಿಂದ ಅಳೆಯಲು ಹೋದರೆ ಲೆಕ್ಕ ಸೇರುವುದೇ ಇಲ್ಲ. ಮೂರೂರ ಗಡಿ ಕೂಡುವ ಬಾಂದುಗಲ್ಲು ಹುಡುಕಿ, ಅಲ್ಲಿಂದ ಹೊಳೆಯ ಕಡೆಗೆ ಬನ್ನಿ. ನಮ್ಮ ಬಾಂದುಗಲ್ಲು ಬೇಲಿಯೊಳಗೆ ಒಂದೂವರೆ ಅಡಿ ಮಣ್ಣಿನಡಿ ಸಿಕ್ಕಿತು. ಸರ್ಕಾರಿ ಭೂಮಾಪಕರು ಬರುವ ದಿನಕ್ಕೆ ಅದನ್ನು ಬಿಡಿಸಿಟ್ಟಿದ್ದರಿಂದ ಮೂರು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಅಳತೆಗೆ ಶುಲ್ಕ, ಕಲ್ಲು, ಕೂಲಿ, ಊಟ ಎಲ್ಲ ಸೇರಿ ನಲವತ್ತೆರಡು ಸಾವಿರದ ಆಸುಪಾಸು ಆಯಿತು. ಅರ್ಜಿ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಕೂತಿತ್ತು. ಬೇಸಿಗೆಯಲ್ಲಿ ಅಳೆಸಬೇಕೆಂದರೆ ಹಿಂದಿನ ಬೇಸಿಗೆಯಲ್ಲೇ ಅರ್ಜಿ ಕೊಡಿ.

ಇಷ್ಟಾದರೂ ಹಾಕಿದ ಗಡಿಕಲ್ಲುಗಳಲ್ಲಿ ಅರ್ಧಕ್ಕರ್ಧ ಮುಂದಿನ ಉಳುಮೆಗೆ ಕಾಣೆಯಾದವು. ಕಲ್ಲು ಕಿತ್ತವರನ್ನು ದೂರಿ ಪ್ರಯೋಜನವಿಲ್ಲ, ಅವರ ಕಣ್ಣಿಗೆ ಅದು ಬರೀ ಸೈಜುಗಲ್ಲು. ಅದೇ ಅಂಚಿನಲ್ಲಿ ಮಕಾಡೆ ಬಿದ್ದಿದ್ದ ವೀರಗಲ್ಲನ್ನು ಮಾತ್ರ ತಲೆಮಾರುಗಳಿಂದ ಯಾರೂ ಕದಲಿಸಿರಲಿಲ್ಲ. ಟ್ರಾಕ್ಟರಿನವರೂ ಅದನ್ನು ಬಳಸಿಕೊಂಡೇ ಉಳುತ್ತಿದ್ದರು. ನಮಗೆ ದಾರಿ ತೋರಿಸಿದ್ದು ಇದೇ.

ಹಳೇ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಹುತ್ತ, ಮರ, ನೆಟ್ಟ ಕಲ್ಲು ಎಂದು ದಿಕ್ಕುದಿಕ್ಕಿಗೆ ಎಣಿಸುತ್ತಾರೆ. ಶೈವ ದತ್ತಿಗೆ ಲಿಂಗಮುದ್ರೆ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆ ಕಲ್ಲು. ನಮ್ಮ ಹರವಿನಲ್ಲಿ ಸಿಕ್ಕಿದ್ದು ಎರಡು ವೀರಗಲ್ಲು, ಒಂದು ಮಾಸ್ತಿಗಲ್ಲು, ಒಂದು ಲಿಂಗಮುದ್ರೆ ಕಲ್ಲು, ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದ್ದ ಒಂದು ಶಾಸನದ ತುಂಡು. ಹುಡುಕುವ ಮೊದಲು ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ನೋಡಿ. ಬಿ.ಎಲ್. ರೈಸ್ ಅವರು 1894ರಲ್ಲಿ ತಂದ ಮೂರನೇ ಸಂಪುಟದಲ್ಲಿ ಮಂಡ್ಯದ ಭಾಗವಿದೆ, ಪರಿಷ್ಕೃತ ಆವೃತ್ತಿಯ ಏಳನೇ ಸಂಪುಟದಲ್ಲಿ ಮದ್ದೂರು ತಾಲ್ಲೂಕು ಬರುತ್ತದೆ. ಕಲ್ಲು ಇಂಥವರ ಹೊಲದಲ್ಲಿದೆ ಎಂದು ಅಂದಿನ ಒಡೆಯರ ಹೆಸರಿನಲ್ಲಿ ಬರೆದಿರುತ್ತಾರೆ, ಆ ಹೊಲ ಇಂದು ಯಾರ ಕೈಯಲ್ಲಿದೆ ಎನ್ನುವುದು ಊರ ಹಿರಿಯರಿಗೆ ಗೊತ್ತು. ಇದೇ ತಾಲ್ಲೂಕಿನ ಆತಕೂರು ಶಾಸನವನ್ನು ನೆನೆಯಿರಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕ್ರಿ.ಶ. 949-50ರ ಹೊತ್ತಿಗೆ ನಿಲ್ಲಿಸಿದ ಕಲ್ಲು ಅದು, ಅದರ ಪೂಜೆಗೆಂದು ಭೂಮಿ ಬಿಟ್ಟ ವಿವರವೂ ಅದರಲ್ಲೇ ಇದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕಲ್ಲು ಕ್ಷೇಮವಾಗಿದೆ, ನಿಜ. ಆದರೆ ದಡಕ್ಕೆ ಕಾವಲು ಬೇಕಾದರೆ ಕಲ್ಲು ದಡದಲ್ಲೇ ಇರಬೇಕು ಎನ್ನುವುದು ನಮ್ಮ ಪಟ್ಟು.

ಕಲ್ಲು ತೊಳೆಯಲು ಬರೀ ನೀರು, ಮೆತ್ತನೆ ನೈಲಾನ್ ಬ್ರಷ್ಷು, ಸುಣ್ಣದ ಪದರಕ್ಕೆ ಒಂದು ರಾತ್ರಿ ಒದ್ದೆ ಗೋಣಿ ಹೊದಿಸಿ ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆಯುವುದು. ತಂತಿ ಬ್ರಷ್ಷು, ಆಸಿಡ್ಡು ಹತ್ತಿರ ಸುಳಿಯಬಾರದು. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವವರಿದ್ದಾರೆ, ತುಂಬಿದವರ ಊಹೆಯೇ ಅಕ್ಷರವಾಗಿಬಿಡುತ್ತದೆ. ಫೋಟೋಕ್ಕೆ ಬೆಳಗಿನ ಏಳರ ಬಿಸಿಲು ಬೇಕು, ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಮೈಗೆ ಸವರಿದ ಹಾಗೆ ಪಕ್ಕದಿಂದ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ಸಾಲು ಓರೆ ಬೆಳಕಿಗೆ ಎದ್ದು ನಿಲ್ಲುತ್ತದೆ. ಮೂರು ಆಯಾಮದ ಮಾದರಿಗೆ ಮೊಬೈಲಿನಲ್ಲೇ 70-80 ಚಿತ್ರ, ಒಂದರ ಮೇಲೊಂದು ಮುಕ್ಕಾಲು ಪಾಲು ಬರುವಂತೆ, ಮೋಡದ ದಿನ ತೆಗೆಯಿರಿ. ಒದ್ದೆ ಕಾಗದವನ್ನು ಅಕ್ಷರದ ಮೇಲೆ ಒತ್ತಿ ಮಸಿಯಲ್ಲಿ ತೆಗೆಯುವ ಪಡಿಯಚ್ಚಿಗೆ ಕಾಗದ ಪೂರ್ತಿ ಒಣಗಬಾರದು, ಮುಕ್ಕಾಲು ಒಣಗಿದಾಗ ಮಸಿ ಹಚ್ಚಬೇಕು. ನಮ್ಮ ಮೊದಲ ಆರು ಹಾಳೆ ಹಸಿಯಲ್ಲೇ ಮಸಿ ಕುಡಿದು ಕೆಟ್ಟವು. ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಲೇಬೇಡಿ. ನೆಲ ಅಗೆಯುವುದೂ ಬೇಡ, ನಿಧಿ ಶೋಧನೆ ಎಂಬ ಸುದ್ದಿ ಹಬ್ಬಿದರೆ ಒಂದೇ ರಾತ್ರಿಯಲ್ಲಿ ಕಲ್ಲಿನ ಬುಡ ಗುಂಡಿಯಾಗುತ್ತದೆ. ಎರಡು ಕಲ್ಲುಗಳ ಜಾಗವನ್ನು ನಾವು ಎಲ್ಲೂ ಬರೆಯದಿರುವುದು ಇದೇ ಕಾರಣಕ್ಕೆ.

ಬಿದ್ದ ವೀರಗಲ್ಲನ್ನು ಗ್ರಾಮ ಪಂಚಾಯಿತಿಯ ನಿರ್ಣಯ ಮಾಡಿಸಿ, ಇದ್ದ ಜಾಗದಲ್ಲೇ ಎತ್ತಿ ನಿಲ್ಲಿಸಿದೆವು. ಬುಡಕ್ಕೆ ಸಿಮೆಂಟ್ ಹಾಕಲಿಲ್ಲ, ಮೂರನೇ ಒಂದು ಭಾಗ ಮಣ್ಣಿನೊಳಗೆ ಇಳಿಸಿ ಸುತ್ತ ದಪ್ಪ ಜಲ್ಲಿ ಗಿಡಿದೆವು. ಒಗೆಯುವ ಕಲ್ಲಿನಲ್ಲಿ ಉಳಿದದ್ದು ಶಾಪಾಶಯದ ಸಾಲು. ಈ ಧರ್ಮಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವ ಕೊಂದ ಪಾಪಕ್ಕೆ ಹೋಗುತ್ತಾರೆ ಎನ್ನುವ ಮಾಮೂಲಿ ಒಕ್ಕಣೆಯೇ. ಅದನ್ನು ಗುಡಿ ಮುಂದೆ ಗಟ್ಟಿಯಾಗಿ ಓದಿ ಹೇಳಿದ ವಾರದಲ್ಲಿ ಇಬ್ಬರು ತಾವಾಗಿಯೇ ಎರಡೆರಡು ಸಾಲು ಕಬ್ಬು ತೆಗೆದರು. ಆ ಅಂಚಿನ ಹೊಸ ಗಡಿಕಲ್ಲುಗಳು ಆಮೇಲೆ ಒಂದೂ ಕದಲಿಲ್ಲ.

ಇನ್ನು ದಡ. ಮೊದಲ ವರ್ಷ 1,100 ಹೊಂಗೆ, ಮಹಾಗನಿ ಸಸಿಗಳನ್ನು ದಡದ ಮೇಲ್ಭಾಗದಲ್ಲಿ ನೆಟ್ಟು ಉಳಿದದ್ದು ನೂರೈವತ್ತು. ಮೇಲೆ ದನ ತಿಂದಿತು, ಕೆಳಗೆ ಬುಡ ಕುಸಿಯಿತು. ಎರಡನೇ ವರ್ಷ ಜಾಲರಿಯೊಳಗೆ ಕಲ್ಲು ತುಂಬಿ 40 ಮೀಟರ್ ಗೋಡೆ ಕಟ್ಟಿಸಿದ್ದಕ್ಕೆ ಒಂದೂಮುಕ್ಕಾಲು ಲಕ್ಷ ಹೋಯಿತು. ಅಡಿಪಾಯ ಹೊಳೆಯ ತಳಕ್ಕಿಂತ ಕೆಳಗೆ ಇಳಿಸಿರಲಿಲ್ಲ. ನೀರು ಗೋಡೆಯ ಪಾದದ ಮರಳು ಕೆದಕಿ ಇಡೀ ಗೋಡೆ ಹೊಳೆಗೆ ಮಗುಚಿತು. ಗೋಡೆಯೇ ಬೇಕೆನ್ನುವವರು ಕನಿಷ್ಠ ಮೂರು ಅಡಿ ತಳದೊಳಗೆ ಇಳಿಸಿ. ಮರಳು ಎತ್ತುವ ಕಡೆ ಅದೂ ಸಾಲದು, ಯಾಕೆಂದರೆ ತಳವೇ ವರ್ಷವರ್ಷ ಇಳಿಯುತ್ತಿರುತ್ತದೆ.

ಈಗ ಪಾದದಿಂದ ಮೇಲಕ್ಕೆ ಹೋಗುತ್ತೇವೆ. ನೀರಂಚಿನಲ್ಲಿ ಲಕ್ಕಿ ಮತ್ತು ಅತ್ತಿಯ ಗೂಟಗಳು, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪ, ಮೂರು ಅಡಿ ಉದ್ದ, ಮೂರರಲ್ಲಿ ಎರಡು ಪಾಲು ನೆಲದೊಳಗೆ, ತುದಿ ಹೊಳೆ ಹರಿವ ದಿಕ್ಕಿಗೆ ಓರೆಯಾಗಿ. ಕಡಿದ ಗೂಟ ಒಂದು ರಾತ್ರಿ ನೆರಳಲ್ಲಿ ನೀರೊಳಗೆ ಮುಳುಗಿರಬೇಕು. ಲಕ್ಕಿ ನೂರಕ್ಕೆ ಎಂಬತ್ತು ಚಿಗುರುತ್ತದೆ, ಅತ್ತಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ಲಾವಂಚ ಎರಡು ಸಾಲು, ಅರ್ಧ ಅಡಿಗೊಂದು ಬುಡ, ಬುಡಕ್ಕೆ ಮೂರು ಕವಲು. ಅಕ್ಟೋಬರಿನಲ್ಲಿ ನೆಟ್ಟ ಲಾವಂಚ ಬೇಸಿಗೆಗೆ ಸುಟ್ಟುಹೋಯಿತು, ಜೂನ್ ಕೊನೆಯಲ್ಲಿ ನೆಟ್ಟದ್ದು ಹಿಂಗಾರಿನ ಪ್ರವಾಹಕ್ಕೆ ಮೊದಲೇ ಬೇರು ಬಿಟ್ಟಿತು. ಅದಕ್ಕೂ ಮೇಲೆ ಹೊಳೆಮತ್ತಿ, ನೇರಳೆ, ಹೊಂಗೆ. ಹೊಂಗೆಗೆ ಸಸಿ ಕೊಳ್ಳುವುದು ದಂಡ, ಮೇ ತಿಂಗಳಲ್ಲಿ ಉದುರಿದ ಬೀಜವನ್ನು ಜೂನಿನಲ್ಲಿ ಗುಣಿಗೆ ಎರಡರಂತೆ ಊರಿದರೆ ಸಾಕು. ಹೆಬ್ಬಿದಿರನ್ನು ಅಂಚಿಗೆ ಹಾಕಬೇಡಿ, ಮೆಳೆ ಭಾರವಾಗಿ ದಡವನ್ನೂ ಎಳೆದುಕೊಂಡು ಬೀಳುತ್ತದೆ. ಗದ್ದೆಯ ಕಡೆಗೆ ಎತ್ತರದ ಮರ ಬೇಡ, ಕಬ್ಬಿಗೆ ನೆರಳಾದರೆ ಮರಕ್ಕೆ ಕೊಡಲಿ ಬೀಳುವುದು ಖಂಡಿತ.

ಬಳ್ಳಾರಿ ಜಾಲಿಯಲ್ಲಿ ಬಹಳ ಜನ ಎಡವುತ್ತಾರೆ. ಮೇಲಿಂದ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ, ಬುಡದ ಗಂಟನ್ನು ನೆಲದಿಂದ ಒಂದು ಅಡಿ ಕೆಳಗೆ ಕತ್ತರಿಸಬೇಕು. ಆದರೆ ಇಡೀ ದಡದ ಜಾಲಿಯನ್ನು ಒಟ್ಟಿಗೆ ಕಿತ್ತರೆ ಆ ವರ್ಷದ ಪ್ರವಾಹಕ್ಕೆ ದಡವೇ ಹೋಗುತ್ತದೆ. ಹತ್ತು ಮೀಟರ್ ತೆಗೆದು ಹತ್ತು ಮೀಟರ್ ಬಿಟ್ಟೆವು, ಬಿಟ್ಟದ್ದನ್ನು ಎರಡು ವರ್ಷ ಕಳೆದ ಮೇಲೆ ತೆಗೆದೆವು. ಸೌದೆ ಮಾರಿದ್ದರಲ್ಲಿ ಹದಿನೆಂಟು ಸಾವಿರ ಬಂತು. ದನ ಬಾಯಿ ಹಾಕದಂತೆ ಸಸಿಗೆ ಬಳಿಯುವುದರಲ್ಲಿ ಸಗಣಿ, ಬೇವಿನ ಹಿಂಡಿ ಇದೆ. ಮೂರನೆಯದೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಒಂದು ದಿನ ಕೆಲಸ ಮಾಡಿದವರಿಗೆ ಹೇಳಿಕೊಡುತ್ತೇವೆ.

ಒಂದು ಅಡ್ಡ ಪ್ರಯೋಗವನ್ನೂ ಹೇಳಬೇಕು. ದಡದ ಪಾದಕ್ಕೆ ಹಾಸುವ ತೆಂಗಿನ ನಾರಿನ ದಿಂಡು ಮೂರು ಮೀಟರಿನದ್ದಕ್ಕೆ ಒಂಬೈನೂರರ ಮೇಲೆ ಬೀಳುತ್ತಿತ್ತು. ರೈತರು ಸುಡುವ ಕಬ್ಬಿನ ತರಗನ್ನೇ ಒದ್ದೆ ಮಾಡಿ, ಒಂದು ಅಡಿ ದಪ್ಪಕ್ಕೆ ಸುತ್ತಿ, ನಾರಿನ ಹಗ್ಗದಿಂದ ಅರ್ಧ ಅಡಿಗೊಂದು ಕಟ್ಟು ಬಿಗಿದೆವು. ಕೂಲಿ, ಹಗ್ಗ ಸೇರಿ ನೂರಾ ಮೂವತ್ತು ರೂಪಾಯಿಗೆ ಒಂದು ದಿಂಡು. ಒಣ ತರಗಿನಲ್ಲಿ ಕಟ್ಟಿದವು ನೀರು ಬಂದಾಗ ತೇಲಿ ಹೋದವು, ಒಳಗೆ ಎರಡು ಬುಟ್ಟಿ ಮರಳು ಸೇರಿಸಿದವು ನಿಂತವು. ಏಳೆಂಟು ತಿಂಗಳಿಗೆ ಕೊಳೆಯುತ್ತದೆ, ಅಷ್ಟರಲ್ಲಿ ಹಿಂದೆ ಗೇಣುದ್ದ ಮೆಕ್ಕಲು ಕೂತು ಲಕ್ಕಿ ಬೇರು ಹಿಡಿದಿರುತ್ತದೆ.

ಗುಣಿ, ಕಂದಕದ ಕೆಲಸವನ್ನು ಪಂಚಾಯಿತಿಯ ನರೇಗಾ ಕ್ರಿಯಾಯೋಜನೆಗೆ ಸೇರಿಸಿದ್ದೆವು. ದಿನಗೂಲಿ 316 ರೂಪಾಯಿ ಇದ್ದ ವರ್ಷ ಅದು. ಕೈಯಿಂದ ಹಾಕಿದ್ದು ಮೂರನೇ ವರ್ಷದಿಂದೀಚೆಗೆ ಎರಡು ಲಕ್ಷದ ಹತ್ತಿರ, ಅಂದರೆ ಮೀಟರಿಗೆ ನೂರಾ ಹದಿನೈದು ರೂಪಾಯಿ ಲೆಕ್ಕ. ಮಗುಚಿದ ಗೋಡೆಗೆ ಮೀಟರಿಗೆ ನಾಲ್ಕು ಸಾವಿರದ ಮೇಲೆ ಬಿದ್ದಿತ್ತು.

ಹಿರಿಯರ ನೆನಪು ದಾಖಲಿಸುವಾಗ ‘ಊರಿನ ಇತಿಹಾಸ ಹೇಳಿ’ ಎಂದರೆ ಎಲ್ಲರೂ ಒಂದೇ ಸ್ಥಳಪುರಾಣ ಹೇಳುತ್ತಾರೆ. ‘ಅಜ್ಜ, ಪಂಪ್‌ಸೆಟ್ ಬರುವ ಮೊದಲು ಈ ಗದ್ದೆಗೆ ನೀರು ಹೇಗೆ ಬರ್ತಿತ್ತು?’ ಎಂದು ಕೇಳಿ. ಯಾತ, ಎತ್ತು ಕಟ್ಟಿ ನೀರೆತ್ತುವ ಕಪಿಲೆ, ಮರಳಿನ ಒರತೆ, ತೋಪು, ದನ ದಾಟುತ್ತಿದ್ದ ಕಡವು ಒಂದೊಂದಾಗಿ ಹೊರಬರುತ್ತವೆ. ಅವನ್ನು ಗ್ರಾಮ ನಕಾಶೆಯ ನಕಲಿನ ಮೇಲೆ ಅಲ್ಲೇ ಗುರುತು ಹಾಕಿಸಿ, ಮನೆಗೆ ಬಂದು ಬರೆಯುತ್ತೇನೆ ಎಂದರೆ ಜಾಗ ತಪ್ಪುತ್ತದೆ. ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಗೂ ಅದೇ ನಕಾಶೆ ಒದಗಿತು. ಹಳೇ ಕಡವಿನ ಹತ್ತಿರ ಉಳಿದಿದ್ದ ಮೂರು ಹುಣಸೆ ಮರಗಳನ್ನು ಹರಾಜಿನ ಪಟ್ಟಿಯಿಂದ ತೆಗೆಸಲು ಆಧಾರವಾದದ್ದೂ ಅದೇ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಗೂಡು ಕಟ್ಟುವುದು ಇಂಥ ಹುಣಸೆಗಳಲ್ಲೇ, ಅದು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಊರು. ಆ ಉದಾಹರಣೆ ಕೊಟ್ಟ ಮೇಲೆ ಪಂಚಾಯಿತಿ ಸಭೆಯಲ್ಲಿ ವಾದ ಬೆಳೆಯಲಿಲ್ಲ.

ಎಡದಂಡೆಯ 600 ಮೀಟರ್ ಇನ್ನೂ ಹಾಗೇ ಇದೆ. ಅಲ್ಲಿ ಒಂದು ಸಸಿಯನ್ನೂ ನೆಟ್ಟಿಲ್ಲ, ಒಂಬತ್ತು ಸರ್ವೆ ನಂಬರಿನ ಟಿಪ್ಪಣಿ ನಕಲಿಗೆ ಅರ್ಜಿ ಹಾಕಿದ್ದೇವೆ, ಆರು ಕೈಗೆ ಬಂದಿವೆ.