ಬಡಾವಣೆ ಸಂಘದ ತಿಂಗಳ ಪತ್ರ: ನಾಲ್ಕು ಪುಟ ಸಾಕು

ಮೈಸೂರಿನ ಬಡಾವಣೆ ಸಂಘಗಳ ಪತ್ರಿಕೆಗಳು ಸಾಮಾನ್ಯವಾಗಿ ಅಧ್ಯಕ್ಷರ ನುಡಿಯಿಂದ ಶುರುವಾಗಿ ಹಾರ-ಶಾಲಿನ ಫೋಟೋದಲ್ಲಿ ಮುಗಿಯುತ್ತವೆ. ಓದುವವರಿಗೆ ಬೇಕಾದ್ದು ಒಂದೇ: ನಮ್ಮ ಕ್ರಾಸಿನ ದೂರು ಎಲ್ಲಿಗೆ ಬಂತು? ಅದಕ್ಕೇ ನಮ್ಮ ಪತ್ರದ ಮೊದಲ ಪುಟ ಪೂರ್ತಿ ದೂರಿನ ಪಟ್ಟಿಗೆ ಮೀಸಲು.

ಪಟ್ಟಿಗೆ ಐದು ಕಲಂ: ಜಾಗ, ತೊಂದರೆ, ಯಾರಿಗೆ ಕೊಟ್ಟದ್ದು, ದೂರಿನ ಸಂಖ್ಯೆ ಮತ್ತು ತಾರೀಖು, ಈಗಿನ ಸ್ಥಿತಿ. ಮೂರನೆಯದರಲ್ಲೇ ಹೆಚ್ಚು ಎಡವಟ್ಟು. ಮನೆಗೆ ಕರೆಂಟ್ ಹೋದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಸಹಾಯವಾಣಿ 1912. ಬೀದಿದೀಪ ಕೆಟ್ಟರೆ ನಗರಪಾಲಿಕೆ. ಬೀದಿದೀಪಕ್ಕೂ 1912ಕ್ಕೇ ಫೋನ್ ಮಾಡಿ, ಯಾರೂ ಬರಲಿಲ್ಲ ಎಂದು ಬೈಯುವವರು ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಸ್ಥಿತಿಯ ಕಲಮಿನಲ್ಲಿ ‘ಪ್ರಗತಿಯಲ್ಲಿದೆ’ ಎಂದು ಬರೆಯುವುದು ಬೇಡ. ‘12ರಂದು ಬಂದು ನೋಡಿದರು, ಬಲ್ಬ್ ಹಾಕಿಲ್ಲ’ ಎಂದರೆ ಮುಂದಿನ ಸಲ ಕಚೇರಿಗೆ ಹೋದವರ ಕೈಯಲ್ಲಿ ಆಧಾರ ಇರುತ್ತದೆ. ಪರಿಹಾರವಾದ ದೂರನ್ನೂ ಇನ್ನೊಂದು ತಿಂಗಳು ಪಟ್ಟಿಯಲ್ಲಿ ಉಳಿಸಿ, ಆಮೇಲೆ ತೆಗೆಯುತ್ತೇವೆ.

ಕಾಗದ ಒಂದು ಎ4 ಹಾಳೆ, ನಡುವೆ ಮಡಚಿ ನಾಲ್ಕು ಪುಟ. ಒಂದು ಬದಿಯಲ್ಲಿ ಎಡಕ್ಕೆ 4, ಬಲಕ್ಕೆ 1. ಇನ್ನೊಂದು ಬದಿಯಲ್ಲಿ 2 ಮತ್ತು 3. ಎರಡೂ ಬದಿ ಮುದ್ರಿಸುವಾಗ ಪ್ರಿಂಟರ್‌ಗೆ ಹಾಳೆಯ ಚಿಕ್ಕ ಅಂಚಿನಲ್ಲಿ ತಿರುಗಿಸಲು ಹೇಳಬೇಕು. ಉದ್ದ ಅಂಚು ಕೊಟ್ಟರೆ ಒಳಪುಟಗಳು ತಲೆಕೆಳಗಾಗುತ್ತವೆ. ಒಂದು ಪ್ರತಿ ತೆಗೆದು ಮಡಚಿ ನೋಡಿದ ಮೇಲೇ ಉಳಿದವು.

ಅಕ್ಷರದ ಗೋಳು ಇನ್ನೂ ಮುಗಿದಿಲ್ಲ. ಹಿರಿಯ ಸದಸ್ಯರು ಕಳಿಸುವ ಬರಹ ಹಲವು ಸಲ ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ಕಸ ಕಾಣುತ್ತದೆ. ಮೊದಲು ಎಲ್ಲ ಫೋನಿನಲ್ಲೂ ಓದಲಾಗುವ ಯುನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಜೆರಾಕ್ಸ್ ಅಂಗಡಿಗೆ ವರ್ಡ್ ಕಡತ ಕೊಡಬೇಡಿ, ಪಿಡಿಎಫ್ ಮಾಡಿಯೇ ಕೊಡಿ. ಅಲ್ಲಿನ ಹಳೆಯ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ತುಂಗಾ ಫಾಂಟ್ ಸಣಕಲು. ನೋಟೋ ಸಾನ್ಸ್ ಕನ್ನಡ 12 ಪಾಯಿಂಟ್, ಸಾಲಿನ ಅಂತರ 1.4 ಇಟ್ಟರೆ ಜೆರಾಕ್ಸ್‌ನಲ್ಲೂ ಒತ್ತು ಮಸಿಯಾಗುವುದಿಲ್ಲ. ಫೋಟೋ ಮಾತ್ರ ಕಪ್ಪುಬಿಳುಪಿನಲ್ಲಿ ಇದ್ದಿಲಾಗುತ್ತದೆ, ಹಾಕದಿರುವುದೇ ವಾಸಿ. ಶಾಲು ಹೊದ್ದವರ ಬೇಸರವನ್ನು ಸಹಿಸಿಕೊಂಡರಾಯಿತು.

ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಹಾಕಿದರೆ ತೆರೆಯುವವರು ಕಡಿಮೆ. ನಾಲ್ಕು ಪುಟಗಳನ್ನು ನಾಲ್ಕು ಚಿತ್ರಗಳಾಗಿ, ಎಚ್‌ಡಿ ಆಯ್ಕೆಯಲ್ಲಿ ಕಳಿಸುತ್ತೇವೆ. ಬ್ರಾಡ್‌ಕಾಸ್ಟ್ ಪಟ್ಟಿ ಬೇಡ: ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ. ಅಡ್ಮಿನ್‌ಗಳಷ್ಟೇ ಬರೆಯಬಹುದಾದ ಗುಂಪು ಒಳ್ಳೆಯದು. ಶುಭೋದಯದ ಹೂಗಳ ಕೆಳಗೆ ಪತ್ರ ಮುಚ್ಚಿಹೋಗುವುದಿಲ್ಲ.

ಎರಡು ಸಂಚಿಕೆಗಳು ತಡವಾಗಲೇಬಾರದು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಸಿಗುವ ಶೇ. 5 ರಿಯಾಯಿತಿಯ ಸುದ್ದಿ ಮಾರ್ಚ್ ಕೊನೆಗೇ ಮನೆ ಸೇರಬೇಕು. ಇನ್ನೊಂದು ವಾರ್ಷಿಕ ಮಹಾಸಭೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧನೆಯಾದ ಜಮಾಖರ್ಚು ನೋಂದಣಾಧಿಕಾರಿಗೆ ಸಲ್ಲಬೇಕು. ಅದೇ ಲೆಕ್ಕವನ್ನು ಸಂಚಿಕೆಯಲ್ಲೂ ಅಚ್ಚುಮಾಡಿದರೆ ‘ದುಡ್ಡೆಲ್ಲಿ ಹೋಯಿತು’ ಎಂಬ ಗುಸುಗುಸು ಅರ್ಧಕ್ಕರ್ಧ ಇಳಿಯುತ್ತದೆ. ಚಂದಾ ಬಾಕಿದಾರರ ಹೆಸರು ಮಾತ್ರ ಹಾಕುವುದಿಲ್ಲ. ಜಗಳ ಬರುತ್ತದೆ, ದುಡ್ಡು ಬರುವುದಿಲ್ಲ.

ಹಂಚಲು ಕ್ರಾಸಿಗೊಬ್ಬರು. ದಿನಪತ್ರಿಕೆಯೊಳಗೆ ಸೇರಿಸಿದರೆ ಪೇಪರ್ ತರಿಸದ ಮನೆಗಳು ತಪ್ಪಿಹೋಗುತ್ತವೆ. ಬೀಗ ಹಾಕಿದ ಮನೆಯ ಗೇಟಿಗೆ ಸಿಕ್ಕಿಸಬಾರದು. ಅಲ್ಲೇ ನೇತಾಡುತ್ತಿದ್ದರೆ ಒಳಗೆ ಯಾರೂ ಇಲ್ಲವೆಂದು ಕಳ್ಳರಿಗೆ ಗೊತ್ತಾಗುತ್ತದೆ. ಆ ಪ್ರತಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬರುತ್ತೇವೆ.